ಮಂದ್ರಸ್ವರಕ್ಕೊಂದು ಸಂಜೆ ಬೇಕು

ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿಲೋಮೀಟರು ದೂರದಲ್ಲಿರುವ ಹಿರೇಬೆಣಕಲ್ಲಿನ ಗುಡ್ಡವನ್ನೇರಿ, ಅಲ್ಲಿ ಚದುರಿ ನಿಂತಿರುವ ನಾನೂರರಷ್ಟು ಶಿಲಾಸಮಾಧಿಗಳ ನಡುವೆ ನಡೆದು ಹೋದವರಿಗೆ, ಎತ್ತರವಾದ ಬಂಡೆಯೊಂದರ ನೆತ್ತಿಯ ಮೇಲೆ ನಗಾರಿಯ ಆಕಾರದ ಒಂದು ದುಂಡುಗಲ್ಲು ಕಾಣಿಸುತ್ತದೆ. ಅದರ ಅಗಲ ಸುಮಾರು ಎರಡು ಮೀಟರು. ಮರದ ಕೊಡತಿಯಿಂದ ಬಡಿದರೆ ಅದರ ದನಿ ಒಂದು ಕಿಲೋಮೀಟರಿನವರೆಗೂ ಕೇಳುವುದೆಂದು ಅದನ್ನು ಪರೀಕ್ಷಿಸಿದವರು ಬರೆದಿದ್ದಾರೆ. (ಅದು ಪ್ರಾಚೀನ ಸ್ಮಾರಕ, ನೋಡಲು ಹೋಗುವವರು ದಯವಿಟ್ಟು ಅದನ್ನು ಬಡಿಯಬಾರದು.) ಎರಡು ಸಾವಿರ ವರ್ಷಗಳಿಗೂ ಹಿಂದೆ ಈ ಗುಡ್ಡದಲ್ಲಿ ಬಾಳಿ, ತಮ್ಮ ಸತ್ತವರಿಗೆ ಕಲ್ಲಿನ ಮನೆಗಳನ್ನು ಕಟ್ಟಿಟ್ಟ ಆ ಜನ, ವಿದ್ಯುತ್ತಿನ ಗಂಧವಿಲ್ಲದೆ ಅಷ್ಟು ದೂರಕ್ಕೆ ನಾದವನ್ನು ಕಳುಹಿಸಬಲ್ಲವರಾಗಿದ್ದರು. ಅದಕ್ಕೆ ಆ ಕಲ್ಲಿನ ಗುಣ ಎಷ್ಟು ಕಾರಣವೋ, ಆ ಕಲ್ಲಿನ ಸುತ್ತ ಹರಡಿದ್ದ ನಿಶ್ಶಬ್ದವೂ ಅಷ್ಟೇ ಕಾರಣವೆಂದು ನನಗೆ ತೋರುತ್ತದೆ.

ಈ ಮಾತನ್ನು ಇಲ್ಲಿ ಎತ್ತಲು ಕಾರಣವುಂಟು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ನಾವು, ವರ್ಷದ ಹನ್ನೆರಡು ತಿಂಗಳೂ ಹಾಡು-ಕುಣಿತಗಳಿಗೆ ಕೊರತೆಯಿಲ್ಲದವರಾಗಿದ್ದರೂ, ತಗ್ಗಿದ ದನಿಯನ್ನು ಕೇಳುವ ಅಭ್ಯಾಸವನ್ನು ಮೆಲ್ಲಮೆಲ್ಲನೆ ಕಳೆದುಕೊಳ್ಳುತ್ತಿದ್ದೇವೆ. ಆದುದರಿಂದ, ಪಾಶ್ಚಾತ್ಯ ರಮ್ಯಯುಗದ (ರೊಮ್ಯಾಂಟಿಕ್ ಯುಗದ) ವಾದ್ಯವೃಂದದ ಸಂಗೀತ ಕಚೇರಿಯೊಂದು, ಅದರಲ್ಲಿಯೂ ಚೆಲ್ಲೊ ಎಂಬ ಮಂದ್ರನಾದದ ವಾದ್ಯವನ್ನು ಮುಂದೆ ನಿಲ್ಲಿಸಿಕೊಂಡ ಕಚೇರಿಯೊಂದು, ಧ್ವನಿವರ್ಧಕದ ಹಂಗಿಲ್ಲದೆ ನಮ್ಮ ಜಿಲ್ಲೆಯಲ್ಲಿ ಒಂದು ಸಂಜೆಯಾದರೂ ನಡೆಯಬೇಕೆಂಬುದು ನನ್ನ ಅಭಿಪ್ರಾಯ. ಬರಗಾಲದ ಬವಣೆಯನ್ನು ಬಲ್ಲ, ಕುಡಿಯುವ ನೀರಿಗೂ ಶಾಲೆಯ ಕೋಣೆಗೂ ಇಂದಿಗೂ ಅರ್ಜಿ ಹಿಡಿದು ಅಲೆಯುವ ಈ ನೆಲದಲ್ಲಿ ಇದೆಂಥ ಬಯಕೆ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯಲ್ಲಿ ನ್ಯಾಯವಿದೆ. ಆದರೆ ಹೊಟ್ಟೆಗೆ ಬೇಕಾದುದನ್ನು ಕೇಳುತ್ತಲೇ ಕಿವಿಗೆ ಬೇಕಾದುದನ್ನೂ ಕೇಳುವ ಹಕ್ಕು ಬಡ ಜಿಲ್ಲೆಗೆ ಇಲ್ಲವೆಂದು ಯಾರೂ ತೀರ್ಮಾನಿಸಬಾರದು.

ಚೆಲ್ಲೊ ಪಿಟೀಲಿನ ಕುಲದ್ದೇ ಆದ ವಾದ್ಯ. ಆಕಾರದಲ್ಲಿ ಮಾತ್ರ ಅದರ ಹಿರಿಯಣ್ಣ. ಪಿಟೀಲನ್ನು ಭುಜಕ್ಕೆ ಒರಗಿಸಿಕೊಂಡರೆ, ಇದನ್ನು ಕುರ್ಚಿಯ ಮೇಲೆ ಕುಳಿತು, ಎರಡು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ಬುಡದ ಲೋಹದ ಮೊಳೆಯನ್ನು ನೆಲಕ್ಕೂರಿ ನುಡಿಸುತ್ತಾರೆ. ವಾದ್ಯದ ಬೆನ್ನು ವಾದಕನ ಎದೆಗೆ ತಗಲಿರುತ್ತದೆ. ಮುಂದಿನ ಹಲಗೆ ಚಳಿನಾಡಿನ ಸ್ಪ್ರೂಸ್ ಮರದ್ದು, ಬೆನ್ನಿನ ಹಲಗೆ ಮೇಪಲ್ ಮರದ್ದು. ನಾಲ್ಕು ತಂತಿಗಳು, ಒಂದರಿಂದ ಇನ್ನೊಂದಕ್ಕೆ ಷಡ್ಜದಿಂದ ಪಂಚಮಕ್ಕಿರುವಷ್ಟು ಅಂತರ. ಹಿಂದಿನ ಕಾಲದಲ್ಲಿ ಕರುಳಿನಿಂದ ಹೊಸೆಯುತ್ತಿದ್ದ ಆ ತಂತಿಗಳು ಈಗ ಬಹುಮಟ್ಟಿಗೆ ಉಕ್ಕಿನವು. ಕಮಾನಿಗೆ ಕುದುರೆಯ ಬಾಲದ ಕೂದಲನ್ನು ಬಿಗಿದು ರಾಳ ತಿಕ್ಕುತ್ತಾರೆ. ಇಷ್ಟರಿಂದ ಹುಟ್ಟುವ ನಾದವಾದರೋ, ಗಂಡಸಿನ ಕಂಠದ ತೀರ ಕೆಳಗಿನ ಮಂದ್ರದಿಂದ ಹೊರಟು ಹೆಂಗಸಿನ ಕಂಠದ ತಾರಸ್ಥಾಯಿಯನ್ನೂ ಮುಟ್ಟಬಲ್ಲುದು. ಹಗುರವಾದ ಮರವನ್ನು ಕೊರೆದು, ಹುಣಸೆಬೀಜದ ಅಂಟಿನಿಂದ ತುಂಡು ತುಂಡುಗಳನ್ನು ಕೂಡಿಸಿ, ಅದಕ್ಕೆ ಬಣ್ಣದ ಜೀವ ತುಂಬುವ ನಮ್ಮ ಕಿನ್ನಾಳದ ಚಿತ್ರಗಾರರ ಕೈಗೆ ಒಮ್ಮೆ ಈ ವಾದ್ಯವನ್ನು ಕೊಟ್ಟು ನೋಡಬೇಕೆಂದು ನನಗೆ ಬಹಳ ದಿನಗಳಿಂದ ಆಸೆಯಿದೆ. ಮರದ ಮಾತು ಅವರಿಗೆ ತಿಳಿದಷ್ಟು ನಮಗೆ ತಿಳಿಯದು.

ಕೇಳುವ ಅಭ್ಯಾಸ ಕಳೆದುಹೋಗುತ್ತಿದೆ ಎಂದೆನಲ್ಲ, ಅದು ಪೂರ್ತಿಯಾಗಿ ಹೋಗಿಲ್ಲವೆಂಬುದಕ್ಕೆ ನಾನೇ ಕಂಡ ಒಂದು ನಿದರ್ಶನವಿದೆ. ಕೆಲವು ವರ್ಷಗಳ ಹಿಂದೆ ಯಲಬುರ್ಗಾ ತಾಲ್ಲೂಕಿನ ಎರೆಸೀಮೆಯ ಒಂದು ಹಳ್ಳಿಗೆ ಶ್ರಾವಣಮಾಸದ ಭಜನೆಗೆಂದು ಹೋಗಿದ್ದೆ. ಗುಡಿಯ ಕಟ್ಟೆಯ ಮೇಲೆ ಹಾರ್ಮೋನಿಯಮ್ಮು, ತಾಳ, ದಪ್ಪು, ಒಂದು ಏಕತಾರಿ. ಕಟ್ಟೆಯ ಎದುರಿನ ಬೇವಿನ ಮರಕ್ಕೆ ಬಿಗಿದ ಎರಡು ಧ್ವನಿವರ್ಧಕಗಳು. ಎಪ್ಪತ್ತು ದಾಟಿದ ಹಿರಿಯರೊಬ್ಬರು ತತ್ವಪದವನ್ನು ಹಾಡುತ್ತಿದ್ದರು. ಆ ಅಬ್ಬರದಲ್ಲಿ ಪದದ ಅರ್ಥವಿರಲಿ, ಪದವೇ ಕಿವಿಗೆ ಬೀಳುತ್ತಿರಲಿಲ್ಲ. ಕುಳಿತವರಲ್ಲಿ ಅರ್ಧ ಜನ ಮಾತಿಗೆ ತೊಡಗಿದ್ದರು, ಹುಡುಗರು ಓಡಾಡುತ್ತಿದ್ದರು. ಅಷ್ಟರಲ್ಲಿ ಕರೆಂಟು ಹೋಯಿತು. ಹಿರಿಯರು ಹಾಡನ್ನು ನಿಲ್ಲಿಸಲಿಲ್ಲ. ಕತ್ತಲಲ್ಲಿ ಮೊದಲು ಕೇಳಿಸಿದ್ದು ಏಕತಾರಿಯ ತಂತಿ. ಅದು ಅಷ್ಟು ಹೊತ್ತೂ ಅಲ್ಲಿ ಮಿಡಿಯುತ್ತಿತ್ತೆಂಬುದು ನಮಗಾರಿಗೂ ಗೊತ್ತೇ ಆಗಿರಲಿಲ್ಲ. ಹಿಂದಿದ್ದವರು ಒಬ್ಬೊಬ್ಬರಾಗಿ ಎದ್ದು ಕಟ್ಟೆಯ ಹತ್ತಿರಕ್ಕೆ ಸರಿದು ಕುಳಿತರು. "ಸುಮ್ಮಕ ಕುಂದರ್ರಲೇ ಹುಡುಗರಾ, ಅಜ್ಜ ಏನ ಅಂತಾನ ಕೇಳೂಣು" ಎಂದು ಹೆಂಗಸೊಬ್ಬಳು ಗದರಿದಳು. ಆಮೇಲೆ ಆ ಮುದಿ ಕಂಠದ ಉಸಿರು ತುಂಡಾಗುವುದೂ, ಮತ್ತೆ ಕೂಡಿಕೊಳ್ಳುವುದೂ, ಒಂದು ಸೊಲ್ಲಿನ ಕೊನೆಯಲ್ಲಿ ಸ್ವರ ಸಣ್ಣಗೆ ಕಂಪಿಸುವುದೂ ನಮಗೆ ಕೇಳತೊಡಗಿದವು. ಕಾಲು ಗಂಟೆಯ ಮೇಲೆ ಕರೆಂಟು ಬಂದು ಮರದ ಮೇಲಿನ ಧ್ವನಿವರ್ಧಕ ಒಮ್ಮೆಲೇ ಅರಚಿದಾಗ, ಮುಂದಿನ ಸಾಲಿನ ರೈತನೊಬ್ಬ ಕೈಯೆತ್ತಿ, "ಬ್ಯಾಡ್ರಪಾ, ಅದನ್ನ ಬಂದ್ ಮಾಡ್ರಿ, ಈಗ ಛಲೋ ಕೇಳ್ಸಾಕತ್ತಿತ್ತು" ಎಂದ. ಯಾರೋ ಹೋಗಿ ಅದನ್ನು ಬಂದ್ ಮಾಡಿದರು. ಉಳಿದ ಭಜನೆ ಹಾಗೆಯೇ ನಡೆಯಿತು.

ಆ ರೈತ ಕೇಳಿದ್ದನ್ನೇ ನಾನು ಈ ಲೇಖನದಲ್ಲಿ ಕೇಳುತ್ತಿದ್ದೇನೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಸಲ್ಲದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಆದರೆ ಕಾಯಿದೆಯು ಗದ್ದಲವನ್ನು ನಿಲ್ಲಿಸಬಲ್ಲುದೇ ಹೊರತು ಕೇಳುವ ಕಿವಿಯನ್ನು ಕೊಡಲಾರದು. ಅದನ್ನು ಕೊಡತಕ್ಕದ್ದು ಸಂಗೀತವೇ.

ಹಾಗಾದರೆ ನಮ್ಮದೇ ಸಂಗೀತ ಸಾಲದೇ, ಯೂರೋಪಿನ ಚೆಲ್ಲೊ ಏಕೆ ಬೇಕು ಎಂಬ ಪ್ರಶ್ನೆ ಬರುತ್ತದೆ. ನಮ್ಮ ಸಂಗೀತವೂ ಬೇಕು, ಮೊದಲು ಬೇಕು. ಆದರೆ ರಮ್ಯಯುಗದ ವಾದ್ಯವೃಂದವು ಒಂದು ವಿಶೇಷವಾದ ಪಾಠವನ್ನು ಕಣ್ಣಿಗೂ ಕಿವಿಗೂ ಕಾಣುವಂತೆ ಕಲಿಸುತ್ತದೆ. ಅದೇನೆಂದರೆ, ಅರವತ್ತೋ ಎಪ್ಪತ್ತೋ ಜನ ಒಂದೇ ವೇದಿಕೆಯ ಮೇಲೆ ಕುಳಿತು, ಯಾವ ಯಂತ್ರದ ಸಹಾಯವೂ ಇಲ್ಲದೆ, ಒಬ್ಬನ ದನಿ ಕೇಳಲೆಂದು ತಮ್ಮ ದನಿಯನ್ನು ತಾವೇ ತಗ್ಗಿಸಿಕೊಳ್ಳುವುದು.

ಇದನ್ನು ಯೂರೋಪಿನವರು ಕಂಚೆರ್ಟೊ ಎನ್ನುತ್ತಾರೆ. ಹೆಸರು ಹೊಸದಾದರೂ ಮುಮ್ಮೇಳ-ಹಿಮ್ಮೇಳಗಳನ್ನು ಬಲ್ಲ ನಮಗೆ ಅದರ ಕ್ರಮ ಹೊಸದಲ್ಲ. ಬಯಲಾಟದಲ್ಲಿ ಅದನ್ನು ಕಂಡಿದ್ದೇವೆ. ಅದಕ್ಕಿಂತ ಹಿಂದೆ ಕಣದಲ್ಲಿ ಕಂಡಿದ್ದೇವೆ. ಕುಷ್ಟಗಿಯ ಕಡೆ ನಮ್ಮ ಸೋದರಮಾವನವರ ಕಣದಲ್ಲಿ, ಸುಗ್ಗಿಯ ಇರುಳಿನಲ್ಲಿ, ನಡುವೆ ಮೇಟಿಯನ್ನು ನೆಟ್ಟು, ಸುತ್ತ ಹರಡಿದ ಜೋಳದ ತೆನೆಯ ಮೇಲೆ ಎತ್ತುಗಳ ಹಂತಿಯನ್ನು ಕಟ್ಟಿ ಹೊಡೆಯುವಾಗ, ಒಬ್ಬನು ಪದದ ಸೊಲ್ಲನ್ನು ಎತ್ತಿಕೊಳ್ಳುವನು. ಉಳಿದವರು ಆ ಸೊಲ್ಲಿನ ಬಾಲವನ್ನು ಹಿಡಿದು, ಎಳೆದು, ಅವನು ಮತ್ತೆ ಉಸಿರು ತೆಗೆದುಕೊಳ್ಳುವವರೆಗೆ ಅದನ್ನು ಗಾಳಿಯಲ್ಲಿ ನಿಲ್ಲಿಸಿರುವರು. ಎತ್ತಿನ ಗೊರಸಿನ ಸಪ್ಪಳವೇ ತಾಳ. ಮುಂದಿನವನು ಮರುಳಾಗುವಂತೆ ಹಾಡಿದಾಗ ಹಿಂದಿನವರು ತಾವಾಗಿಯೇ ಮೆತ್ತಗಾಗುತ್ತಿದ್ದರು. ರಾಶಿಯ ಯಂತ್ರ ಬಂದು ಹಂತಿ ಹೋಯಿತು, ಹಂತಿಯೊಂದಿಗೆ ಪದವೂ ಬಹುಮಟ್ಟಿಗೆ ಹೋಯಿತು. ಆದರೆ ಆ ಪದವನ್ನು ಕೇಳಿ ಬೆಳೆದವರು ಇನ್ನೂ ನಮ್ಮ ನಡುವೆ ಇದ್ದಾರೆ. ಕಂಚೆರ್ಟೊ ಎಂದರೇನೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಚೆಲ್ಲೊಗೆಂದು ರಚಿತವಾದ ಕಂಚೆರ್ಟೊಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಆಂಟೊನಿನ್ ದ್ವೊರ್ಜಾಕನದು. ಶೂಮನ್ನನ 1850ರ ಕೃತಿಯೂ ಸೇಂ-ಸಾನ್ಸನ 1872ರ ಕೃತಿಯೂ ದೊಡ್ಡವೇ. ಆದರೆ ಈತನ ಕೃತಿಯಲ್ಲಿರುವ ಮನೆಯ ಹಂಬಲ ಅವುಗಳಲ್ಲಿಲ್ಲ. ದ್ವೊರ್ಜಾಕ್ ಬೊಹೀಮಿಯಾದ ಹಳ್ಳಿಯೊಂದರಲ್ಲಿ 1841ರಲ್ಲಿ ಹುಟ್ಟಿದವನು. ತಂದೆ ಖಾನಾವಳಿ ನಡೆಸುತ್ತ ಕಟುಕನ ಕಸುಬು ಮಾಡುತ್ತಿದ್ದವನು. ಹಳ್ಳಿಯ ಕುಣಿತದ ಮಟ್ಟುಗಳನ್ನು ಕೇಳಿ ಬೆಳೆದ ಆ ಹುಡುಗ, ಮುಂದೆ ಕೀರ್ತಿವಂತನಾಗಿ, 1892ರಲ್ಲಿ ನ್ಯೂಯಾರ್ಕಿನ ಸಂಗೀತಶಾಲೆಯ ಮುಖ್ಯಸ್ಥನಾಗಿ ಹೋದನು. ಚೆಲ್ಲೊ ಒಂಟಿಯಾಗಿ ವೃಂದದ ಮುಂದೆ ನಿಲ್ಲತಕ್ಕ ವಾದ್ಯವಲ್ಲವೆಂಬುದು ಬಹುಕಾಲ ಅವನ ಅಭಿಪ್ರಾಯವಾಗಿತ್ತು. ಅದಕ್ಕೆ ಆಧಾರವಿಲ್ಲದೆ ಇರಲಿಲ್ಲ: ಪಿಟೀಲಿನ ದನಿ ಎತ್ತರದಲ್ಲಿ ಹಾರಿ ಎಲ್ಲರನ್ನೂ ಮೀರಿ ಕೇಳುತ್ತದೆ, ಆದರೆ ಚೆಲ್ಲೊದ ದನಿ ನಡುವಿನದು, ಕಹಳೆಗಳೂ ನಗಾರಿಗಳೂ ಸುತ್ತ ಮೊಳಗಿದರೆ ಅದು ಮುಳುಗಿಹೋಗುತ್ತದೆ. 1894ರಲ್ಲಿ ವಿಕ್ಟರ್ ಹರ್ಬರ್ಟ್ ಎಂಬ ವಾದಕ ತನ್ನದೇ ಚೆಲ್ಲೊ ಕಂಚೆರ್ಟೊವನ್ನು ನ್ಯೂಯಾರ್ಕಿನಲ್ಲಿ ನುಡಿಸಿದುದನ್ನು ಕೇಳಿ ಅವನ ಮನಸ್ಸು ತಿರುಗಿತು. ಅದೇ ನವೆಂಬರಿನಲ್ಲಿ ಬರೆಯತೊಡಗಿ 1895ರ ಫೆಬ್ರುವರಿಯಲ್ಲಿ ತನ್ನ ಕೃತಿಯನ್ನು ಮುಗಿಸಿದನು. ನಮ್ಮ ತಿರುಮಕೂಡಲು ನರಸೀಪುರದಲ್ಲಿ ಪಿಟೀಲು ಚೌಡಯ್ಯನವರು ಹುಟ್ಟಿದ್ದೂ ಅದೇ 1895ರಲ್ಲಿ.

ಬರೆಯುತ್ತಿದ್ದ ದಿನಗಳಲ್ಲಿಯೇ ಅವನಿಗೆ ಊರಿನಿಂದ ವಾರ್ತೆ ಬಂದಿತು, ಹೆಂಡತಿಯ ಅಕ್ಕ ಯೋಸೆಫೀನಳಿಗೆ ಕಾಯಿಲೆ ಬಲವಾಗಿದೆಯೆಂದು. ತಾರುಣ್ಯದಲ್ಲಿ ಅವನು ಮೊದಲು ಒಲಿದದ್ದು ಆಕೆಯನ್ನೇ, ಆಕೆ ಒಲಿಯಲಿಲ್ಲ, ಮುಂದೆ ಆಕೆಯ ತಂಗಿಯನ್ನು ಅವನು ಮದುವೆಯಾದನು. ಆಕೆಗೆ ಪ್ರಿಯವಾಗಿದ್ದ, ತಾನೇ ಹಿಂದೆ ರಚಿಸಿದ್ದ ಹಾಡೊಂದರ ಮಟ್ಟನ್ನು ಅವನು ಕಂಚೆರ್ಟೊದ ಎರಡನೆಯ ಭಾಗದಲ್ಲಿ ಇರಿಸಿದನು. ಊರಿಗೆ ಮರಳಿದ ಕೆಲವೇ ವಾರಗಳಲ್ಲಿ, 1895ರ ಮೇ ತಿಂಗಳಿನಲ್ಲಿ, ಆಕೆ ತೀರಿಕೊಂಡಳು. ಮುಗಿದಿದ್ದ ಕೃತಿಯ ಕೊನೆಯನ್ನು ಅವನು ಬಿಚ್ಚಿ, ಅದೇ ಮಟ್ಟು ಮತ್ತೊಮ್ಮೆ ಬಂದು ಹೋಗುವಂತೆ ಹೊಸದಾಗಿ ಕಟ್ಟಿದನು. ಹಾನುಶ್ ವಿಹಾನ್ ಎಂಬ ಚೆಲ್ಲೊ ವಾದಕ, ಅವನ ಗೆಳೆಯ, ಕೊನೆಯಲ್ಲಿ ವಾದಕನ ಕೈಚಳಕವನ್ನು ತೋರಿಸುವ ಒಂದು ತುಣುಕನ್ನು ಸೇರಿಸಬೇಕೆಂದು ಕೇಳಿದಾಗ, ದ್ವೊರ್ಜಾಕ್ ಒಪ್ಪಲಿಲ್ಲ. ಸಾವಿನ ಮನೆಯಲ್ಲಿ ಕೈಚಳಕಕ್ಕೆ ಎಡೆಯೆಲ್ಲಿ? 1896ರ ಮಾರ್ಚ್ 19ರಂದು ಲಂಡನ್ನಿನಲ್ಲಿ, ರಚಯಿತನ ನಿರ್ದೇಶನದಲ್ಲಿಯೇ, ಲಿಯೊ ಸ್ಟರ್ನ್ ಎಂಬ ವಾದಕ ಅದನ್ನು ಮೊದಲು ನುಡಿಸಿದನು.

ಈ ಕೃತಿಯನ್ನು ಕೇಳುವವರು ಎರಡು ಕಡೆ ಕಿವಿಯಿಟ್ಟು ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ. ಮೊದಲನೆಯದು, ಚೆಲ್ಲೊದ ಪ್ರವೇಶ. ಮೊದಲ ಮೂರು ನಿಮಿಷಗಳಿಗೂ ಮಿಕ್ಕಿ ವೃಂದವೊಂದೇ ನುಡಿಯುತ್ತದೆ. ಕ್ಲಾರಿನೆಟ್ಟುಗಳು ಮೆಲ್ಲನೆ ಎತ್ತಿಕೊಂಡ ಮಾತು ಇಡೀ ಸಭೆಯ ಮಾತಾಗಿ ಬೆಳೆಯುತ್ತದೆ. ಒಂಟಿ ಕೊಂಬೊಂದು ಮನಸ್ಸನ್ನು ಕಲಕುವ ಇನ್ನೊಂದು ಮಟ್ಟನ್ನು ಹಾಡಿ ಮುಗಿಸುತ್ತದೆ. ವಾದಕ ಕೈಕಟ್ಟಿ ಕುಳಿತೇ ಇರುತ್ತಾನೆ. ಆಮೇಲೆ ವೃಂದ ತಗ್ಗಿ ನಿಂತಾಗ ಚೆಲ್ಲೊ ಮಾತಾಡುತ್ತದೆ. ಆ ಜಾಗದಲ್ಲಿ ರಚಯಿತ ತನ್ನ ಹಾಳೆಯ ಮೇಲೆ, ಆ ಕ್ಷಣದಲ್ಲಿಯೇ ಹುಟ್ಟಿದುದೋ ಎಂಬಂತೆ ನುಡಿಸತಕ್ಕದ್ದೆಂಬ ಅರ್ಥದ ಸೂಚನೆಯನ್ನು ಬರೆದಿದ್ದಾನೆ. ಆಲಾಪವನ್ನು ಬಲ್ಲ ಕಿವಿಗೆ ಇದಕ್ಕಿಂತ ಆಪ್ತವಾದ ಸೂಚನೆ ಬೇರೊಂದಿರಲಾರದು. ಎರಡನೆಯದು, ನಡುವಿನ ವಿಳಂಬಭಾಗ. ಅಲ್ಲಿ ಮೂರು ಕೊಂಬುಗಳು, ಯುದ್ಧದಲ್ಲಿಯೂ ಬೇಟೆಯಲ್ಲಿಯೂ ಮೊಳಗಲೆಂದು ಹುಟ್ಟಿದ ವಾದ್ಯದ ಸಂತತಿಯವು, ಪ್ರಾರ್ಥನೆಗೆ ನಿಂತವರಂತೆ ಮೆತ್ತಗೆ ನುಡಿಯುತ್ತವೆ. ಅವು ಸುಮ್ಮನಾದ ಮೇಲೆ ಚೆಲ್ಲೊ ಕೊಳಲಿನೊಡನೆ ಬಹುಮಟ್ಟಿಗೆ ಏಕಾಂತವಾಗಿ ಸಂಭಾಷಿಸುತ್ತದೆ. ಉಳಿದ ವೃಂದದ ಬಹುಪಾಲು ಜನ ಕಮಾನನ್ನು ಮಡಿಲಲ್ಲಿರಿಸಿಕೊಂಡು ಕೇಳುತ್ತ ಕುಳಿತಿರುತ್ತಾರೆ. ಮುಳುಗಿಹೋಗುವ ವಾದ್ಯವೆಂದು ತಾನೇ ಹಿಂದೆ ಸಂಶಯಿಸಿದ್ದ ದನಿಯನ್ನು ದ್ವೊರ್ಜಾಕ್ ಉಳಿಸಿದ್ದು ಹೀಗೆ. ಅದಕ್ಕೆ ಬಲವನ್ನು ಹೆಚ್ಚಿಸಲಿಲ್ಲ. ಬಲವುಳ್ಳವರಿಗೆ ಸಂಯಮವನ್ನು ಕಲಿಸಿದನು.

ಧ್ವನಿವರ್ಧಕದ ಮೂಲಕ ಇದು ಸಾಧ್ಯವಿಲ್ಲ. ಮೈಕು ಸಣ್ಣ ದನಿಯನ್ನೂ ದೊಡ್ಡ ದನಿಯನ್ನೂ ಒಂದೇ ಎತ್ತರಕ್ಕೆ ತಂದು ನಿಲ್ಲಿಸುತ್ತದೆ. ದೂರವಿಲ್ಲ, ಹತ್ತಿರವಿಲ್ಲ, ಬಾಗುವಿಕೆಯಿಲ್ಲ. ಅದು ಇಲ್ಲದ ಕಾಲದಲ್ಲಿ ಕಲಾವಿದರು ಬೇರೆ ಉಪಾಯವನ್ನು ಹುಡುಕಿದರು. ಚೌಡಯ್ಯನವರು ಪಿಟೀಲಿಗೆ ನಾಲ್ಕು ತಂತಿಗಳ ಬದಲು ಏಳು ತಂತಿಗಳನ್ನು ಬಿಗಿದದ್ದು ಹಿಂದಿನ ಸಾಲಿನ ಕೇಳುಗನಿಗೂ ನಾದ ಮುಟ್ಟಲೆಂದು. ಕೇಳುಗನೂ ತನ್ನ ಪಾಲಿನ ಉಪಾಯ ಮಾಡುತ್ತಿದ್ದ: ಉಸಿರು ಬಿಗಿಹಿಡಿದು ಕೇಳುತ್ತಿದ್ದ.

ಪರದೇಶದ್ದೆಂಬ ಆಕ್ಷೇಪಕ್ಕೆ ಬಹಳ ಹೊತ್ತು ಉತ್ತರಿಸಬೇಕಾದ ಅಗತ್ಯವಿಲ್ಲ. ನಮ್ಮ ಜಿಲ್ಲೆಯ ಭಜನಾಮಂಡಳಿಗಳಲ್ಲಿ ಹಾರ್ಮೋನಿಯಮ್ ಇಲ್ಲದ್ದು ತೀರ ಅಪರೂಪ. ಅದರ ಹುಟ್ಟೂರು ಪ್ಯಾರಿಸು, ಅಲ್ಲಿಯ ಅಲೆಕ್ಸಾಂಡರ್ ದೆಬೆನ್ 1842ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿದ್ದರೂ ನಮ್ಮ ಗುಡಿಯ ಕಟ್ಟೆ ಅದನ್ನು ಒಂದು ದಿನವೂ ಹೊರಗಿಡಲಿಲ್ಲ. ಪಿಟೀಲು ಬಾಲಸ್ವಾಮಿ ದೀಕ್ಷಿತರ ಕಾಲದಿಂದ ಕರ್ನಾಟಕ ಸಂಗೀತದ ಮಗುವಾಗಿದೆ. ಚೆಲ್ಲೊ ಕೂಡ ಈಗಾಗಲೇ ನೆಲದ ಮೇಲೆ ಕುಳಿತಿದೆ: ನೆದರ್ಲೆಂಡ್ಸಿನಲ್ಲಿ ಹುಟ್ಟಿ, ಕನ್ನಡ ನಾಡಿನ ಸಿತಾರ್ ವಾದಕ ಶುಭೇಂದ್ರ ರಾವ್ ಅವರನ್ನು ವರಿಸಿದ ಸಾಸ್ಕಿಯಾ ರಾವ್ ಅವರು ಅದಕ್ಕೆ ಐದು ತಂತಿಗಳನ್ನೂ ಅನುನಾದದ ಹತ್ತು ತಂತಿಗಳನ್ನೂ ಅಳವಡಿಸಿ ಹಿಂದೂಸ್ತಾನಿ ರಾಗಗಳನ್ನು ನುಡಿಸುತ್ತಿದ್ದಾರೆ.

ಇನ್ನೂ ಹತ್ತಿರದ ಸಾಕ್ಷಿ ನಮ್ಮ ಸಾಹಿತ್ಯದಲ್ಲಿಯೇ ಇದೆ. ಬಿ. ಎಂ. ಶ್ರೀಕಂಠಯ್ಯನವರು 1920ರ ದಶಕದಲ್ಲಿ 'ಇಂಗ್ಲಿಷ್ ಗೀತಗಳು' ಎಂಬ ಸಂಕಲನವನ್ನು ಕನ್ನಡಿಗರ ಕೈಗಿತ್ತಾಗ, ಅದರ ಮೂಲಕ ಬಂದದ್ದು ಯೂರೋಪಿನ ಅದೇ ರಮ್ಯಯುಗದ ಕಾವ್ಯಚೇತನ. ವ್ಯಕ್ತಿಯ ಅಂತರಂಗದ ಸುಖದುಃಖಗಳು ಕಾವ್ಯಕ್ಕೆ ವಸ್ತುವಾಗಬಹುದೆಂಬ ಧೈರ್ಯ ಅಲ್ಲಿಂದ ಬಲಗೊಂಡು, ಭಾವಗೀತೆಯೆಂಬುದು ನಮ್ಮದೇ ಆಗಿ, ಇಂದು ಅದು ಹೊರಗಿನಿಂದ ಬಂದ ಬೀಜವೆಂಬ ನೆನಪೂ ಉಳಿದಿಲ್ಲ. ಆ ಯುಗದ ಕವಿಗಳನ್ನು ಬರಮಾಡಿಕೊಂಡ ನಾವು ಆ ಯುಗದ ಸಂಗೀತಗಾರರನ್ನು ಮಾತ್ರ ಬಾಗಿಲಲ್ಲೇ ನಿಲ್ಲಿಸಿದ್ದೇವೆ. ಶೆಲ್ಲಿಯ ಹೆಸರನ್ನು ಬಲ್ಲ ನಮ್ಮ ಕಾಲೇಜು ವಿದ್ಯಾರ್ಥಿಗೆ ಶೂಮನ್ನನ ಹೆಸರು ತಿಳಿಯದಿರುವುದಕ್ಕೆ ಅವನು ಹೊಣೆಯಲ್ಲ; ಕೇಳಿಸುವವರಿರಲಿಲ್ಲ.

ಕನ್ನಡ ನಾಡಿನಲ್ಲಿ ಒಬ್ಬರು ಮಾತ್ರ ಆ ಬಾಗಿಲನ್ನು ವಿಶಾಲವಾಗಿ ತೆರೆದಿದ್ದರು. ಮೈಸೂರಿನ ಜಯಚಾಮರಾಜ ಒಡೆಯರು ಶ್ರೀವಿದ್ಯೆಯ ಉಪಾಸಕರಾಗಿ ಸಂಸ್ಕೃತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಅದೇ ಕೈಯಿಂದ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಚೇರಿ ಸಂಘಕ್ಕೆ ಮೊದಲ ಅಧ್ಯಕ್ಷರಾಗಿ ಆಶ್ರಯವಿತ್ತವರು. ರಮ್ಯಯುಗದ ಕೊನೆಯ ಕಿಡಿಗಳಲ್ಲೊಬ್ಬನಾದ ನಿಕೊಲಾಯ್ ಮೆಟ್ನರ್, ರಷ್ಯೆಯನ್ನು ಬಿಟ್ಟು ಬಂದು ಇಂಗ್ಲೆಂಡಿನಲ್ಲಿ ಅನಾರೋಗ್ಯದಲ್ಲಿಯೂ ಅಲಕ್ಷ್ಯದಲ್ಲಿಯೂ ದಿನ ನೂಕುತ್ತಿದ್ದಾಗ, ಅವನ ಸಂಗೀತವನ್ನು ಅವನ ಕೈಯಿಂದಲೇ ನುಡಿಸಿ ಮುದ್ರಿಸಲು ಹಣವೊದಗಿಸಿದವರು ಅವರು. ಆತ ತನ್ನ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದನು. ರಿಚರ್ಡ್ ಸ್ಟ್ರೌಸ್ ತೀರಿಕೊಂಡ ಮರುವರ್ಷ, 1950ರ ಮೇ 22ರಂದು, ಅವನ ಕಡೆಯ ನಾಲ್ಕು ಗೀತೆಗಳನ್ನು ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್ ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿ, ಫುರ್ಟ್‌ವೆಂಗ್ಲರನ ನಿರ್ದೇಶನದಲ್ಲಿ, ಮೊದಲ ಬಾರಿಗೆ ಹಾಡಿದರು. ಅದರ ಖರ್ಚಿಗೆ ಹೊಣೆ ನಿಂತವರೂ ಈ ಮಹಾರಾಜರೇ. ಅವರು ಆ ಸಭೆಯಲ್ಲಿರಲಿಲ್ಲ. ಅಂದಿನ ಗಾಯನದ ಮುದ್ರಿಕೆ ಅವರಿಗಾಗಿ ಮೈಸೂರಿಗೆ ಬರುವುದೆಂದು ಗೊತ್ತಾಗಿತ್ತು. ಆಗ ಅವರಿಗೆ ವಯಸ್ಸು ಮೂವತ್ತು.

ಅದೇ 1950ರಲ್ಲಿ ಕೊಪ್ಪಳ ಮೈಸೂರಿನೊಂದಿಗೆ ಒಂದೇ ರಾಜ್ಯದಲ್ಲಿಯೂ ಇರಲಿಲ್ಲ. ನಿಜಾಮನ ಆಳ್ವಿಕೆ ಕೊನೆಗೊಂಡು ಎರಡು ವರ್ಷ ಸಹ ತುಂಬಿರಲಿಲ್ಲ. ಏಕೀಕರಣಕ್ಕೆ ಇನ್ನೂ ಆರು ವರ್ಷ ಉಳಿದಿತ್ತು. ನಮಗೆ ಅರಮನೆಯ ಆಶ್ರಯ ದೊರೆಯಲಿಲ್ಲ, ಅರಮನೆಯ ವಾದ್ಯವೃಂದ ದೊರೆಯಲಿಲ್ಲ. ಆ ಕೊರತೆಯನ್ನು ನೆನೆದು ನಾನು ಬಹುಕಾಲ ನೊಂದುಕೊಂಡಿದ್ದೇನೆ. ಆದರೆ ನಮ್ಮಲ್ಲಿ ಇನ್ನೊಂದು ಬಗೆಯ ಆಶ್ರಯವಿದೆ. ಪುಷ್ಯಮಾಸದ ಗವಿಸಿದ್ಧೇಶ್ವರ ಜಾತ್ರೆಗೆ ಊರೂರಿನಿಂದ ಜೋಳದ ರೊಟ್ಟಿಯ ಗಂಟುಗಳು ಹರಿದುಬರುತ್ತವೆ, ಬಂದ ಲಕ್ಷಾಂತರ ಜನರೆಲ್ಲರೂ ಉಣ್ಣುತ್ತಾರೆ, ಕೊಟ್ಟವರಾರೆಂದು ಕೇಳುವವರಿಲ್ಲ. ಒಬ್ಬ ಮಹಾರಾಜ ಮಾಡಿದುದನ್ನು ಹತ್ತು ಸಾವಿರ ಮನೆಗಳು ಕೂಡಿ ಮಾಡಬಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಒಂಬತ್ತನೆಯ ಶತಮಾನದಲ್ಲಿಯೇ 'ಕವಿರಾಜಮಾರ್ಗ'ವು ಕನ್ನಡದ ತಿರುಳನ್ನು ಗುರುತಿಸುವಾಗ ಕೊಪಣನಗರವನ್ನು ಹೆಸರಿಸಿತು. ನುಡಿಯ ತಿರುಳನ್ನು ಬಲ್ಲ ಕಿವಿ ನಾದದ ತಿರುಳನ್ನು ಅರಿಯದೆ ಹೋಗುವುದಿಲ್ಲ.

ಮೊದಲ ಸಂಜೆ ಸೋಲಬಹುದು. ಜನ ಬಾರದೆ ಹೋಗಬಹುದು, ಬಂದವರು ನಡುವೆ ಎದ್ದು ಹೋಗಬಹುದು. ಎಡ್ವರ್ಡ್ ಎಲ್ಗರನ ಚೆಲ್ಲೊ ಕಂಚೆರ್ಟೊ, ಮೊದಲ ಮಹಾಯುದ್ಧದ ಬೂದಿಯಲ್ಲಿ ಹುಟ್ಟಿದ ಆ ಶೋಕಗೀತ, 1919ರ ಅಕ್ಟೋಬರ್ 27ರಂದು ಲಂಡನ್ನಿನಲ್ಲಿ ಮೊದಲು ನುಡಿದಾಗ, ಸಾಕಷ್ಟು ಅಭ್ಯಾಸಕ್ಕೆ ಅವಕಾಶ ದೊರೆಯದೆ ದಯನೀಯವಾಗಿ ಸೋತಿತು. ಆದರೆ ಅಂದು ವೃಂದದ ಚೆಲ್ಲೊಗಳ ಸಾಲಿನಲ್ಲಿ ಜಾನ್ ಬಾರ್ಬಿರೋಲಿ ಎಂಬ ಹತ್ತೊಂಬತ್ತರ ಹರೆಯದ ಹುಡುಗನೊಬ್ಬ ಕುಳಿತಿದ್ದ. 46 ವರ್ಷಗಳ ಮೇಲೆ, 1965ರಲ್ಲಿ, ಅವನೇ ನಿರ್ದೇಶಕನಾಗಿ ನಿಂತು, ಜಾಕ್ಲೀನ್ ಡು ಪ್ರೇ ಎಂಬ ಇಪ್ಪತ್ತರ ಯುವತಿ ನುಡಿಸಿದ ಮುದ್ರಿಕೆ ಹೊರಬಂದು, ಆ ಕೃತಿ ಲೋಕಪ್ರಿಯವಾಯಿತು. ನಮ್ಮ ಮೊದಲ ಸಂಜೆಯಲ್ಲಿಯೂ ಹಿಂದಿನ ಸಾಲಿನಲ್ಲಿ ಅಂಥ ಒಬ್ಬ ಹುಡುಗ ಅಥವಾ ಹುಡುಗಿ ಕುಳಿತಿರಬಹುದು, ಕಾರಟಗಿಯವಳೋ ತಾವರಗೇರಿಯವನೋ. ಆ ಮಗುವಿಗಾಗಿಯೇ ಈ ಪ್ರಯತ್ನ ಸಲ್ಲುತ್ತದೆ.

ಒಮ್ಮೆಲೇ ಎಪ್ಪತ್ತು ಜನರ ವೃಂದವನ್ನು ಕರೆತರುವುದು ಸುಲಭವಲ್ಲ. 2006ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದಂಥ ಪೂರ್ಣವೃಂದ ನಮ್ಮ ದೇಶದಲ್ಲಿಯೇ ಅಪರೂಪ. ಆದುದರಿಂದ ಸಣ್ಣದರಿಂದ ಆರಂಭಿಸೋಣ. ಬೆಂಗಳೂರಿನಲ್ಲಿ ಪಾಶ್ಚಾತ್ಯ ಸಂಗೀತದ ಶಾಲೆಗಳಿವೆ, ನುಡಿಸುವ ತರುಣರಿದ್ದಾರೆ. ಹದಿನೈದು ಜನ ತಂತಿವಾದ್ಯದವರು, ಒಬ್ಬ ಚೆಲ್ಲೊ ವಾದಕ ಅಥವಾ ವಾದಕಿ. ಚೈಕೊವ್‌ಸ್ಕಿಯು ತನ್ನ ಚತುರ್ವಾದ್ಯದ ವಿಳಂಬಭಾಗವನ್ನು ಚೆಲ್ಲೊಗೂ ತಂತಿವೃಂದಕ್ಕೂ ತಾನೇ ಹೊಂದಿಸಿಕೊಟ್ಟಿರುವ ಕೃತಿ, ದ್ವೊರ್ಜಾಕನ 'ನಿಶ್ಶಬ್ದ ವನ', ಸೇಂ-ಸಾನ್ಸನ 'ಹಂಸ'. ಎಲ್ಲ ಸೇರಿ ಅರ್ಧ ಗಂಟೆಯೂ ಆಗದು. ಪ್ರತಿಯೊಂದಕ್ಕೂ ಮುನ್ನ ಕನ್ನಡದಲ್ಲಿ ನಾಲ್ಕು ಮಾತು. ಅದರ ಬೆನ್ನಿಗೆ, ಅದೇ ವೇದಿಕೆಯ ಮೇಲೆ, ಮೈಕಿಲ್ಲದೆ, ಹಂತಿಯ ಪದವನ್ನು ಇನ್ನೂ ಬಲ್ಲ ನಮ್ಮ ಹಿರಿಯರು.

ಸ್ಥಳದ ಬಗೆಗೆ ಒಂದು ಮಾತು. ಈಚೆಗೆ ಕಟ್ಟಿದ ನಮ್ಮ ಸಭಾಂಗಣಗಳನ್ನು ಮೈಕನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿದ್ದೇವೆ. ಪಂಖದ ಸಪ್ಪಳವೇ ಚೆಲ್ಲೊದ ಮಂದ್ರವನ್ನು ನುಂಗಿಬಿಡುವಂತಿರುತ್ತದೆ. ಬಯಲಾದರೆ ನಾದ ಹಿಂದಿರುಗಿ ಬರದು. ನನ್ನ ಮನಸ್ಸು ಮತ್ತೆ ಮತ್ತೆ ಇಟಗಿಯ ಕಡೆಗೆ ಹೋಗುತ್ತದೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ, ಶಾಸನವೇ ದೇವಾಲಯ ಚಕ್ರವರ್ತಿಯೆಂದು ಕರೆದಿರುವ ಆ ಗುಡಿಯ ಕಂಬಗಳ ಮಂಟಪಕ್ಕೆ ಕಲ್ಲಿನ ಮಾಡಿದೆ, ಕಡೆದು ನುಣುಪಾಗಿಸಿದ ಕಂಬಗಳಿವೆ, ಸುತ್ತ ಊರಿನ ಗದ್ದಲವಿಲ್ಲ. ಪುರಾತತ್ತ್ವ ಇಲಾಖೆ ಅನುಮತಿ ಕೊಟ್ಟರೆ ಇನ್ನೂರು ಮುನ್ನೂರು ಜನ ಅಲ್ಲಿ ಹತ್ತಿರ ಕುಳಿತು ಕೇಳಬಹುದು. ಮಾರ್ಚಿನ ಬಿಸಿಲಿಗೆ ಮುನ್ನವೇ ಇದು ನಡೆಯಬೇಕು. ನಮ್ಮ ಬೇಸಗೆಯ ಒಣಹವೆಗೆ ಆ ತೆಳುಹಲಗೆಗಳು ಬಿರಿಯುತ್ತವೆ, ತಂತಿಗಳು ಶ್ರುತಿ ಬಿಡುತ್ತವೆ. ಮತ್ತು ಮುಂದಿನ ಸಾಲನ್ನು ಅಧಿಕಾರಿಗಳಿಗೆ ಮೀಸಲಿಡದೆ, ಪಕ್ಕದ ಗದಗಿನ ವೀರೇಶ್ವರ ಪುಣ್ಯಾಶ್ರಮದ ಅಂಧ ವಿದ್ಯಾರ್ಥಿಗಳಿಗೆ ಮೀಸಲಿಡಬೇಕು. ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದವರ ಕಿವಿಯನ್ನು ಬೆಳಗಿದ ಆ ಮನೆಯ ಮಕ್ಕಳಿಗಿಂತ ಉತ್ತಮ ಶ್ರೋತೃಗಳು ಈ ಸೀಮೆಯಲ್ಲಿ ಯಾರಿದ್ದಾರೆ? ಅವರ ಬಳಿಯಲ್ಲಿ ಕಿನ್ನಾಳದ ಚಿತ್ರಗಾರರು ಕುಳಿತಿರಲಿ.

ಆನೆಗೊಂದಿ, ಕನಕಗಿರಿ, ಇಟಗಿಗಳ ಉತ್ಸವಗಳನ್ನು ಏರ್ಪಡಿಸುವ ಜಿಲ್ಲಾಡಳಿತದವರಲ್ಲಿಯೂ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವರಲ್ಲಿಯೂ ನನ್ನ ಬಿನ್ನಹವಿಷ್ಟೆ: ಬರುವ ಉತ್ಸವದ ಕಾರ್ಯಕ್ರಮ ಪಟ್ಟಿಯಲ್ಲಿ ಒಂದೇ ಒಂದು ಸಂಜೆಯನ್ನು ಇದಕ್ಕೆಂದು ಬಿಟ್ಟುಕೊಡಿ, ಆ ಸಂಜೆ ಧ್ವನಿವರ್ಧಕದವರಿಗೆ ರಜೆ ಕೊಡಿ. ಓದುಗರಲ್ಲಿ ಈ ವಿಚಾರಕ್ಕೆ ಒಲವುಳ್ಳವರು ತಮ್ಮ ತಾಲ್ಲೂಕಿನ ಕಚೇರಿಗೆ ಒಂದು ಕಾಗದ ಬರೆಯಿರಿ. ಅಲ್ಲಿಯವರೆಗೆ, ಇಂದು ರಾತ್ರಿ ಮನೆಯ ಮಂದಿ ಮಲಗಿದ ಮೇಲೆ, ಕೈಯಲ್ಲಿರುವ ಮೊಬೈಲಿನಲ್ಲಿಯೇ ದ್ವೊರ್ಜಾಕನ ಚೆಲ್ಲೊ ಕಂಚೆರ್ಟೊದ ಎರಡನೆಯ ಭಾಗವನ್ನು ಹುಡುಕಿ, ದನಿಯನ್ನು ಎಷ್ಟು ತಗ್ಗಿಸಬಹುದೋ ಅಷ್ಟು ತಗ್ಗಿಸಿ ಕೇಳಿರಿ. ಅದು ಹನ್ನೆರಡು ನಿಮಿಷಗಳಷ್ಟಿದೆ.